ಉದ್ದಪದಕ್ಕೆ ಪ್ರಾಸ: ಆಂಗ್ಲ ಛಂದಸ್ಸಿನ ಇತಿಹಾಸದಿಂದ ಒಂದು ಪ್ರಕರಣ

ಆಂಗ್ಲಭಾಷೆಯಲ್ಲಿ ಪದವು ಉದ್ದವಾದಷ್ಟೂ ಅದಕ್ಕೆ ಪ್ರಾಸ ದೊರೆಯುವುದು ಕಷ್ಟವೆಂಬ ಭಾವನೆ ಆ ಭಾಷೆಯನ್ನು ಚೆನ್ನಾಗಿ ಬಲ್ಲವರಲ್ಲಿಯೂ ಉಂಟು. ಪರೀಕ್ಷಿಸಿ ನೋಡಿದರೆ ಈ ಭಾವನೆ ನಿಲ್ಲುವುದಿಲ್ಲ. 'ಆರೆಂಜ್', 'ಸಿಲ್ವರ್', 'ಮಂತ್' ಎಂಬ ಗಿಡ್ಡ ಪದಗಳೇ ಆಂಗ್ಲ ಕವಿಗಳನ್ನು ಬಹುಕಾಲದಿಂದ ಕಾಡಿಸುತ್ತ ಬಂದಿವೆ. ಮೊದಲನೆಯದಕ್ಕೆ ಸರಿಯಾದ ಪ್ರಾಸ ಬೇಕೆಂದರೆ ವೇಲ್ಸ್ ದೇಶದ ಆಬರ್‌ಗವೆನಿ ಎಂಬ ಊರಿನ ಬಳಿಯಿರುವ 'ಬ್ಲಾರೆಂಜ್' ಗುಡ್ಡವನ್ನೇ ಹತ್ತಬೇಕು. ಇದಕ್ಕೆ ಪ್ರತಿಯಾಗಿ, ೧೯೬೪ರ 'ಮೇರಿ ಪಾಪಿನ್ಸ್' ಚಲಚ್ಚಿತ್ರದ ಹಾಡೊಂದರಲ್ಲಿ ಶರ್ಮನ್ ಸಹೋದರರು ಬಳಸಿದ 'ಸೂಪರ್‌ಕ್ಯಾಲಿಫ್ರಾಜಿಲಿಸ್ಟಿಕ್‌ಎಕ್ಸ್‌ಪಿಯಾಲಿಡೋಷಸ್' ಎಂಬ ಪದವನ್ನು ನೋಡಬಹುದು. ಮೂವತ್ತನಾಲ್ಕು ಅಕ್ಷರ, ಹದಿನಾಲ್ಕು ಉಚ್ಚಾರಾಂಶಗಳ ಈ ವಿಚಿತ್ರ ಪದಕ್ಕೆ 'ಅಟ್ರೋಷಸ್', 'ಪ್ರಿಕೋಷಸ್' ಎಂಬ ಎರಡು ಸಾಮಾನ್ಯ ಪದಗಳು ಯಾವ ಕುಂದೂ ಇಲ್ಲದ ಪ್ರಾಸಗಳಾಗಿ ಒದಗಿದವು. ಮಕ್ಕಳು ಕೂಡ ಅದನ್ನು ತಡವರಿಸದೆ ಹಾಡಿದರು.

ಇದರ ಕಾರಣ ಪದದ ಉದ್ದದಲ್ಲಿಲ್ಲ, ಒತ್ತಿನ ಸ್ಥಾನದಲ್ಲಿದೆ. ಆಂಗ್ಲದಲ್ಲಿ ಪ್ರತಿಯೊಂದು ಪದದಲ್ಲಿಯೂ ಒಂದು ಉಚ್ಚಾರಾಂಶದ ಮೇಲೆ ಮುಖ್ಯವಾದ ಸ್ವರಾಘಾತ, ಅಂದರೆ ಉಚ್ಚಾರದ ಒತ್ತು, ಬೀಳುತ್ತದೆ. ಕೊನೆಯ ಒತ್ತುಳ್ಳ ಸ್ವರದಿಂದ ಹಿಡಿದು ಪದದ ತುದಿಯವರೆಗಿನ ಧ್ವನಿಯೆಲ್ಲ ಎರಡು ಪದಗಳಲ್ಲಿ ಒಂದೇ ಆಗಿರಬೇಕು. ಆ ಸ್ವರಕ್ಕೆ ಮುಂಚಿನ ವ್ಯಂಜನ ಮಾತ್ರ ಬೇರೆಯಾಗಿರಬೇಕು. ಇದು ಪೂರ್ಣಪ್ರಾಸದ ಲಕ್ಷಣ. ಹಳಗನ್ನಡದ ದ್ವಿತೀಯಾಕ್ಷರ ಪ್ರಾಸದಲ್ಲಿ ಸ್ಥಾನವನ್ನು ಪಾದದ ಮೊದಲಿನಿಂದ ಎಣಿಸುತ್ತಾರೆ. ಅಲ್ಲಿ ವ್ಯಂಜನವು ಹೊಂದಿದರೆ ಸಾಕು, ಸ್ವರಕ್ಕೆ ನಿರ್ಬಂಧವಿಲ್ಲ. ಆಂಗ್ಲ ಪ್ರಾಸದಲ್ಲಿ ಎಣಿಕೆಯು ಒತ್ತಿನಿಂದ ತೊಡಗುತ್ತದೆ. ಒತ್ತು ತುದಿಯಲ್ಲಿದ್ದರೆ ಒಂದು ಉಚ್ಚಾರಾಂಶ ಹೊಂದಿದರೆ ಸಾಕು. ತುದಿಗೆ ಹಿಂದಿನದರಲ್ಲಿದ್ದರೆ ಎರಡು. ಅದಕ್ಕೂ ಹಿಂದಿದ್ದರೆ ಮೂರು, ನಾಲ್ಕು. ಮೇಲೆ ಹೇಳಿದ ಹದಿನಾಲ್ಕು ಅಂಶಗಳ ಪದದಲ್ಲಿ ಒತ್ತು 'ಡೋ' ಎಂಬಲ್ಲಿರುವುದರಿಂದ ಅದರ ಹಿಂದಿನ ಹನ್ನೆರಡು ಅಂಶಗಳೂ ಪ್ರಾಸದ ಲೆಕ್ಕಕ್ಕೆ ಬರುವುದೇ ಇಲ್ಲ.

ಹೀಗಿರಲು, ಉದ್ದಪದಗಳ ಮಾತು ಬಂದಾಗಲೆಲ್ಲ ಉದಾಹರಿಸಲ್ಪಡುವ 'ಆಂಟಿಡಿಸ್‌ಎಸ್ಟಾಬ್ಲಿಷ್‌ಮೆಂಟೇರಿಯನಿಸಂ' ಎಂಬ ಪದದ ಗತಿಯೇನು? ಇಪ್ಪತ್ತೆಂಟು ಅಕ್ಷರಗಳ ಈ ಪದದ ಹಿನ್ನೆಲೆ ಇಂಗ್ಲೆಂಡಿನ ಧರ್ಮರಾಜಕಾರಣದಲ್ಲಿದೆ. ರಾಜ್ಯಕ್ಕೂ ಆಂಗ್ಲಿಕನ್ ಚರ್ಚಿಗೂ ಇರುವ ಅಧಿಕೃತ ಸಂಬಂಧವನ್ನು ಕಡಿಯಬೇಕೆಂಬ ವಾದ ಹತ್ತೊಂಬತ್ತನೆಯ ಶತಮಾನದಲ್ಲಿ ಬಲವಾಗಿತ್ತು. ಗ್ಲಾಡ್‌ಸ್ಟನ್ ಪ್ರಧಾನಿಯಾಗಿದ್ದಾಗ ೧೮೬೯ರ ಕಾನೂನಿನಿಂದ ಐರ್ಲೆಂಡಿನಲ್ಲಿ ಆ ಸಂಬಂಧ ಕಡಿಯಿತು. ವೇಲ್ಸಿಗಾಗಿ ೧೯೧೪ರಲ್ಲಿ ಆದ ಕಾನೂನು ೧೯೨೦ರಲ್ಲಿ ಜಾರಿಗೆ ಬಂದಿತು. ಇಂಗ್ಲೆಂಡಿನಲ್ಲಿ ಸಂಬಂಧ ಉಳಿದುಕೊಂಡಿತು. ಈ ಕಡಿತವನ್ನು ವಿರೋಧಿಸುವವರ ತತ್ತ್ವಕ್ಕೆ ಇಷ್ಟುದ್ದದ ಹೆಸರು. ನಿಜವಾದ ಚರ್ಚೆಗಳಲ್ಲಿ ಇದನ್ನು ಬಳಸಿದವರಿಗಿಂತ ಉದ್ದಪದದ ಮಾದರಿಯೆಂದು ಉಲ್ಲೇಖಿಸಿದವರೇ ಹೆಚ್ಚು ಎನ್ನಬೇಕು.

ಇದರಲ್ಲಿ ಒತ್ತು 'ಟೇ' ಎಂಬಲ್ಲಿದೆ. ಅಲ್ಲಿಂದ ಮುಂದೆ ಐದು ಉಚ್ಚಾರಾಂಶಗಳು ಹೊಂದಬೇಕು. ಅಸಾಧ್ಯವೆಂದು ತೋರುವುದು ಸಹಜ. ಆದರೆ ಪ್ರತ್ಯಯಗಳೇ ನೆರವಿಗೆ ಬರುತ್ತವೆ: 'ವೆಜಿಟೇರಿಯನಿಸಂ', 'ಯೂನಿಟೇರಿಯನಿಸಂ', 'ಸೆಕ್ಟೇರಿಯನಿಸಂ', 'ಯುಟಿಲಿಟೇರಿಯನಿಸಂ', 'ಟೋಟಾಲಿಟೇರಿಯನಿಸಂ' ಹೀಗೆ ಗುಂಪುಗುಂಪಾಗಿ ದೊರೆಯುತ್ತವೆ. ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದುಂಟು. ಇವೆಲ್ಲವುಗಳಲ್ಲಿಯೂ ಒತ್ತುಳ್ಳ ಸ್ವರದ ಮುಂಚಿನ ವ್ಯಂಜನ ಅದೇ 'ಟ'ಕಾರ. ಮುಂಚಿನ ವ್ಯಂಜನ ಬೇರೆಯಾಗಿರಬೇಕೆಂಬ ನಿಯಮವನ್ನು ಬಿಗಿಯಾಗಿ ಹಿಡಿದರೆ ಇವು ಪ್ರಾಸಗಳೇ ಅಲ್ಲ. ಒಂದೇ ಧ್ವನಿಯ ಪುನರುಕ್ತಿಗಳು. ಆಗ ಉಳಿಯುವವು 'ಅಗ್ರೇರಿಯನಿಸಂ', 'ಬಾರ್ಬೇರಿಯನಿಸಂ', 'ಮಿಲೆನೇರಿಯನಿಸಂ', ಒತ್ತಿನ ಮುಂಚೆ ವ್ಯಂಜನವೇ ಇಲ್ಲದ 'ಏರಿಯನಿಸಂ' ಮುಂತಾದ ಕೆಲವೇ ಪದಗಳು. ಇನ್ನೊಂದು ಹಾದಿಯೂ ಇದೆ. ಕೊನೆಯ 'ಇಸಂ' ಎಂಬಲ್ಲಿರುವ ಕಿರಿಯ ಒತ್ತನ್ನು ಛಂದಸ್ಸಿನ ನಡೆಯಿಂದ ಮೇಲೆತ್ತಿ, 'ಪ್ರಿಸಂ' ಮೊದಲಾದ ಸಣ್ಣ ಪದಗಳೊಡನೆ ಅದನ್ನು ಹೊಂದಿಸಬಹುದು. ಇದು ಪೂರ್ಣವೂ ಅಲ್ಲದ, ತೀರ ದೂರವೂ ಅಲ್ಲದ ಪ್ರಾಸ. ಒಂದೇ ಪದಕ್ಕೆ ಹೀಗೆ ಮೂರು ದರ್ಜೆಯ ಪ್ರಾಸಗಳಿರುವಾಗ, ಇವುಗಳಲ್ಲಿ ಯಾವುದು ಸಾಧು, ಯಾವುದು ದೋಷ ಎಂಬ ತೀರ್ಮಾನ ಯಾರದು? ಈ ತೀರ್ಮಾನ ಕಾಲದಿಂದ ಕಾಲಕ್ಕೆ ಬದಲಾಗಿದೆ.

ಇಂಗ್ಲಿಷರ ಅತಿ ಪ್ರಾಚೀನ ಕಾವ್ಯಕ್ಕೆ ಅಂತ್ಯಪ್ರಾಸದ ಹಂಗೇ ಇರಲಿಲ್ಲ. 'ಬೇವುಲ್ಫ್' ಮೊದಲಾದ ಕೃತಿಗಳಲ್ಲಿ ಒತ್ತುಳ್ಳ ಉಚ್ಚಾರಾಂಶಗಳ ಆದಿಧ್ವನಿಗಳು ಪರಸ್ಪರ ಹೊಂದುತ್ತವೆ. ಲ್ಯಾಟಿನ್ ಸ್ತೋತ್ರಗಳ ಪರಿಚಯ, ಅದಕ್ಕಿಂತ ಹೆಚ್ಚಾಗಿ ೧೦೬೬ರ ನಾರ್ಮನ್ ವಿಜಯದ ತರುವಾಯ ಬಂದ ಫ್ರೆಂಚ್ ಕಾವ್ಯದ ಬಳಕೆ, ಇವುಗಳಿಂದ ಅಂತ್ಯಪ್ರಾಸವು ಅಲ್ಲಿ ನೆಲೆಯೂರಿತು. ಫ್ರೆಂಚ್ ಪದಗಳೂ ಸಾವಿರಗಟ್ಟಲೆ ಬಂದವು. ಬರುವಾಗ ತಮ್ಮ ತುದಿಯೊತ್ತನ್ನೂ ತಂದವು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಚಾಸರ್ ಕವಿ 'ಕ್ಯಾಂಟರ್ಬರಿ ಕಥೆಗಳ' ಪೀಠಿಕೆಯಲ್ಲಿ ತೀರ್ಥಯಾತ್ರೆಗಳೆಂಬರ್ಥದ 'ಪಿಲ್‌ಗ್ರಿಮಾಜೆಸ್' ಎಂಬುದಕ್ಕೆ ಹೃದಯಗಳೆಂಬರ್ಥದ 'ಕೊರಾಜೆಸ್' ಎಂಬುದನ್ನು ಪ್ರಾಸವಾಗಿ ತಂದಿದ್ದಾನೆ. ಅವನ ಕಾಲದಲ್ಲಿ ಎರಡರ ಒತ್ತೂ 'ಆ'ಕಾರದ ಮೇಲೆ ಬೀಳಬಹುದಾಗಿತ್ತು; ಪ್ರಾಸ ಪೂರ್ಣವಾಗಿತ್ತು. ಆಮೇಲೆ ಆಂಗ್ಲಭಾಷೆ ತನ್ನ ಹುಟ್ಟುಗುಣವನ್ನು ತೋರಿಸಿತು. ಪರದೇಶದಿಂದ ಬಂದ ಪದಗಳ ಒತ್ತನ್ನು ಮೊದಲಿಗೆ ಎಳೆದುಕೊಂಡಿತು. ಇಂದು 'ಪಿಲ್‌ಗ್ರಿಮೇಜ್', 'ಕರೇಜ್' ಎರಡಕ್ಕೂ ಒತ್ತು ಆದಿಯಲ್ಲಿ. ತುದಿಯ ಬಲವಿಲ್ಲದ ಅಂಶ ಮಾತ್ರ ಹೊಂದುತ್ತದೆ. ಕವಿ ಬರೆದದ್ದು ಬದಲಾಗಲಿಲ್ಲ. ಭಾಷೆ ಅವನ ಕಾಲಡಿಯಿಂದ ಸರಿದುಹೋಯಿತು. ಆಂಗ್ಲದ ಉದ್ದಪದಗಳಿಗೆ ಪೂರ್ಣಪ್ರಾಸ ವಿರಳವಾದದ್ದಕ್ಕೆ ಈ ಒತ್ತಿನ ವಲಸೆಯೇ ಮುಖ್ಯ ಕಾರಣ.

ಅದೇ ಪೀಠಿಕೆಯಲ್ಲಿ ಚಾಸರ್ 'ಹುಡುಕು' ಎಂಬರ್ಥದ ಪದಕ್ಕೂ 'ರೋಗಿಗಳು' ಎಂಬರ್ಥದ ಪದಕ್ಕೂ ಪ್ರಾಸ ಹೊಂದಿಸಿದ್ದಾನೆ. ಇವೆರಡೂ ಮುಂಚಿನ ವ್ಯಂಜನ ಸಹಿತ ಒಂದೇ ಧ್ವನಿ, ಅರ್ಥ ಮಾತ್ರ ಬೇರೆ. ನಮ್ಮಲ್ಲಿ ಇದನ್ನು ಯಮಕವೆನ್ನುತ್ತಿದ್ದೆವು. ಫ್ರೆಂಚರಿಗೆ ಇದು 'ಸಮೃದ್ಧ ಪ್ರಾಸ'. ಚಾಸರನಿಗೂ ಇದು ಭೂಷಣವೇ. ಮುಂದಿನ ಶತಮಾನಗಳ ಆಂಗ್ಲ ವಿಮರ್ಶಕರು ಇದನ್ನೇ ದೋಷವೆಂದು ಬಗೆದರು. ಆದುದರಿಂದ ಮೇಲಿನ 'ವೆಜಿಟೇರಿಯನಿಸಂ' ಮುಂತಾದವುಗಳು ಹದಿನಾಲ್ಕನೆಯ ಶತಮಾನದ ನ್ಯಾಯಾಲಯದಲ್ಲಿ ಗೆದ್ದು, ಹದಿನೆಂಟನೆಯ ಶತಮಾನದ ನ್ಯಾಯಾಲಯದಲ್ಲಿ ಸೋಲುತ್ತವೆ.

ಪ್ರಾಸವೇ ಬೇಕೆ ಎಂಬ ವಿವಾದವೂ ನಡೆಯಿತು. ೧೬೦೨ರಲ್ಲಿ ಥಾಮಸ್ ಕ್ಯಾಂಪಿಯನ್ ಪ್ರಾಸವನ್ನು ಖಂಡಿಸಿ ಗ್ರಂಥ ಬರೆದನು. ಸ್ವತಃ ಸೊಗಸಾದ ಪ್ರಾಸಬದ್ಧ ಗೀತಗಳನ್ನು ರಚಿಸಿದವನು ಅವನು ಎಂಬುದು ಸ್ವಾರಸ್ಯ. ಮರುವರ್ಷವೇ ಸ್ಯಾಮ್ಯುಯೆಲ್ ಡೇನಿಯಲ್ ರೂಢಿಯ ಬಲವನ್ನು ಮುಂದಿಟ್ಟು ಪ್ರಾಸವನ್ನು ಸಮರ್ಥಿಸಿದನು. ೧೬೬೮ರಲ್ಲಿ ಮಿಲ್ಟನ್ ತನ್ನ ಮಹಾಕಾವ್ಯಕ್ಕೆ ಸೇರಿಸಿದ ಟಿಪ್ಪಣಿಯಲ್ಲಿ ಪ್ರಾಸವು ಅನಾಗರಿಕ ಯುಗದ ಕೂಸೆಂದು ತಳ್ಳಿಹಾಕಿದನು. ೧೯೧೧ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟಾಗ ಕನ್ನಡದಲ್ಲೆದ್ದ ಚರ್ಚೆಯನ್ನು ಬಲ್ಲವರಿಗೆ ಈ ವಾದಗಳ ಧಾಟಿ ಅಪರಿಚಿತವಲ್ಲ.

ಪ್ರಾಸಗಳನ್ನು ಹುಡುಕಿಕೊಡುವ ನಿಘಂಟುಗಳ ಕಥೆ ಇದರ ಜೊತೆಜೊತೆಗೇ ಸಾಗುತ್ತದೆ. ೧೫೭೦ರಲ್ಲಿ ಪೀಟರ್ ಲೆವಿನ್ಸ್ ಎಂಬವನು ಆಂಗ್ಲ ಪದಗಳನ್ನು ಅವುಗಳ ಅಂತ್ಯಾನುಸಾರ ಜೋಡಿಸಿ, ಲ್ಯಾಟಿನ್ ಅರ್ಥಗಳೊಡನೆ 'ಮ್ಯಾನಿಪ್ಯುಲಸ್ ವೊಕಾಬ್ಯುಲೋರಂ' ಎಂಬ ಕೋಶವನ್ನು ಪ್ರಕಟಿಸಿದನು. ಆಂಗ್ಲದ ಮೊದಲ ಪ್ರಾಸಕೋಶವೆಂದು ಇದನ್ನು ಪರಿಗಣಿಸುತ್ತಾರೆ. ೧೭೦೨ರಲ್ಲಿ ಎಡ್ವರ್ಡ್ ಬಿಶ್ ತನ್ನ ಕಾವ್ಯಕಲೆಯ ಗ್ರಂಥಕ್ಕೆ ಒಂದು ಪ್ರಾಸಕೋಶವನ್ನು ಲಗತ್ತಿಸಿದನು. ಆದರೆ ದೀರ್ಘಕಾಲ ಬಳಕೆಯಲ್ಲಿ ನಿಂತದ್ದು ೧೭೭೫ರಲ್ಲಿ ಹೊರಬಂದ ಜಾನ್ ವಾಕರನ ಕೋಶ. ವಾಕರ್ ಮೊದಲು ನಟನಾಗಿದ್ದವನು. ಆಮೇಲೆ ಉಚ್ಚಾರಣೆಯ ಶಿಕ್ಷಕನಾದವನು. ಕಿವಿಯ ಕೆಲಸ ಅವನಿಗೆ ವೃತ್ತಿಯಾಗಿತ್ತು. ಬೈರನ್ ಕವಿ ೧೮೧೮ರ 'ಬೆಪ್ಪೊ' ಕಾವ್ಯದಲ್ಲಿ, ವಾಕರನ ಕೋಶದಲ್ಲಿ ಮೊದಲು ಸಿಕ್ಕ ಪ್ರಾಸವನ್ನೇ ತಾನು ಎತ್ತಿಕೊಳ್ಳುವುದಾಗಿ ಪರಿಹಾಸ್ಯ ಮಾಡಿದ್ದಾನೆ.

ವಾಕರನು ಪದಗಳನ್ನು ಕಾಗುಣಿತದ ಪ್ರಕಾರ ತುದಿಯಿಂದ ಹಿಂದಕ್ಕೆ ಓದಿ ಅಕಾರಾದಿಯಾಗಿ ಜೋಡಿಸಿದನು. ಆಂಗ್ಲದ ಕಾಗುಣಿತದ ಸ್ವಭಾವವನ್ನು ಬಲ್ಲವರಿಗೆ ಇದರ ತೊಡಕು ಒಡನೆ ಹೊಳೆಯುತ್ತದೆ: 'ಕಾಫ್', 'ದೋ', 'ಥ್ರೂ', 'ಬೌ' ಎಂಬ ನಾಲ್ಕು ಪದಗಳೂ ಬರವಣಿಗೆಯಲ್ಲಿ ಒಂದೇ ನಾಲ್ಕಕ್ಷರಗಳಿಂದ ಮುಗಿಯುತ್ತವೆ, ಕಿವಿಗೆ ಒಂದಕ್ಕೊಂದು ಸಂಬಂಧವಿಲ್ಲ. ಅದಕ್ಕಾಗಿ ಅವನು ಪೂರ್ಣಪ್ರಾಸಗಳು ಯಾವುವು, 'ಸಲ್ಲತಕ್ಕ' ಪ್ರಾಸಗಳು ಯಾವುವು ಎಂದು ಬೇರೆಬೇರೆಯಾಗಿ ತೋರಿಸುವ ಸೂಚಿಯನ್ನು ಸೇರಿಸಿ, ಎರಡನೆಯವುಗಳಿಗೆ ಶ್ರೇಷ್ಠ ಕವಿಗಳ ಪ್ರಯೋಗಗಳನ್ನು ಪ್ರಮಾಣವಾಗಿ ಕೊಟ್ಟನು. ಇದು ಶಬ್ದಸಂಗ್ರಹ ಮಾತ್ರವಲ್ಲ, ಒಂದು ಬಗೆಯ ತೀರ್ಪು. ಕನ್ನಡದಲ್ಲಿ 'ಕವಿರಾಜಮಾರ್ಗ'ದ ಕಾಲದಿಂದಲೇ ವರ್ಗಪ್ರಾಸ, ಸಮೀಪಪ್ರಾಸ ಎಂಬ ಹೆಸರುಗಳಿದ್ದು, ಒಂದೇ ವರ್ಗದ ಅಥವಾ ಹತ್ತಿರದ ಧ್ವನಿಯ ವ್ಯಂಜನಗಳು ಪ್ರಾಸಸ್ಥಾನದಲ್ಲಿ ಬರುವುದಕ್ಕೆ ಶಾಸ್ತ್ರದ ಒಳಗೇ ಎಡೆಯುಂಟು. ಆಂಗ್ಲರಲ್ಲಿ ಅಂತಹ ಶಾಸ್ತ್ರಕಾರನಿಲ್ಲದೆ, ಆ ಕೆಲಸ ಕೋಶಕಾರನ ಪಾಲಿಗೆ ಬಂದಿತು.

ವಾಕರನು ಸಲ್ಲತಕ್ಕವೆಂದು ಕನಿಕರದಿಂದ ಒಪ್ಪಿದಂತಹ ಪ್ರಾಸಗಳಲ್ಲಿ ಎಷ್ಟೋ ಹಿಂದೊಮ್ಮೆ ಪೂರ್ಣಪ್ರಾಸಗಳೇ ಆಗಿದ್ದವು. ಪೋಪ್ ಕವಿ ಹದಿನೆಂಟನೆಯ ಶತಮಾನದ ಆರಂಭದಲ್ಲಿ 'ಟೀ' ಎಂಬುದಕ್ಕೆ 'ಒಬೇ' ಎಂಬುದನ್ನು ಹೊಂದಿಸಿದಾಗ ಯಾವ ಸ್ವಾತಂತ್ರ್ಯವನ್ನೂ ವಹಿಸಿರಲಿಲ್ಲ; ಆಗ ಚಹಾಕ್ಕೆ 'ಟೇ' ಎಂಬ ಉಚ್ಚಾರವೂ ಇತ್ತು. ಉಚ್ಚಾರ ಬದಲಾದ ಮೇಲೆ ಪುಟದ ಮೇಲೆ ಉಳಿದದ್ದು ಕಣ್ಣಿಗೆ ಕಾಣುವ, ಕಿವಿಗೆ ಸಲ್ಲದ ಜೋಡಿ. ಮುದ್ರೆ ಸವೆದ ನಾಣ್ಯ ಹಳೆಯ ಬೆಲೆಗೇ ಕೈಯಿಂದ ಕೈಗೆ ಹೋಗುವಂತೆ, ಮುಂದಿನ ಕವಿಗಳು ಇಂತಹ ಜೋಡಿಗಳನ್ನು ಹಿರಿಯರ ಹೆಸರಿನಿಂದ ಚಲಾವಣೆ ಮಾಡಿದರು.

ಬೇಕೆಂದೇ ಸಮೀಪಪ್ರಾಸವನ್ನು ಆರಿಸಿಕೊಂಡವರು ಬಂದದ್ದು ತಡವಾಗಿ. ಅಮೆರಿಕದ ಎಮಿಲಿ ಡಿಕಿನ್ಸನ್ (೧೮೩೦–೧೮೮೬) ರಚಿಸಿದ ಸುಮಾರು ೧,೮೦೦ ಕವನಗಳಲ್ಲಿ ಅವಳ ಜೀವಿತಕಾಲದಲ್ಲಿ ಅಚ್ಚಾದವು ಬೆರಳೆಣಿಕೆಯಷ್ಟು. ೧೮೯೦ರಲ್ಲಿ ಮೊದಲ ಸಂಗ್ರಹವನ್ನು ಹೊರತಂದ ಸಂಪಾದಕರು ಅವಳ ಓರೆ ಪ್ರಾಸಗಳನ್ನು ಅಲ್ಲಲ್ಲಿ ತಿದ್ದಿ ನೇರಗೊಳಿಸಿದರು. ೧೯೫೫ರಲ್ಲಿ ಥಾಮಸ್ ಜಾನ್ಸನ್ನನ ಆವೃತ್ತಿ ಬಂದ ಮೇಲೆಯೇ ಓದುಗರಿಗೆ ಅವಳು ಬರೆದದ್ದು ಬರೆದಂತೆ ದೊರೆತದ್ದು. ಉಪಕಾರವೆಂದು ತಿಳಿದು ಮಾಡಿದ ತಿದ್ದುಪಡಿ ಅರುವತ್ತೈದು ವರ್ಷ ಒಬ್ಬ ಕವಯಿತ್ರಿಯ ಕಿವಿಯನ್ನೇ ಮರೆಮಾಡಿತ್ತು. ಮೊದಲ ಮಹಾಯುದ್ಧದಲ್ಲಿ, ಕದನವಿರಾಮಕ್ಕೆ ಒಂದೇ ವಾರ ಮುಂಚೆ, ೧೯೧೮ರ ನವೆಂಬರ್ ೪ರಂದು ಮಡಿದ ವಿಲ್‌ಫ್ರೆಡ್ ಓವೆನ್ ಸ್ವರವನ್ನು ಬದಲಿಸಿ, ಅದರ ಹಿಂದುಮುಂದಿನ ವ್ಯಂಜನಗಳನ್ನು ಹಾಗೆಯೇ ಉಳಿಸುವ ಪ್ರಾಸವನ್ನು ಯುದ್ಧದ ಕವನಗಳಿಗೆ ಬಳಸಿದನು. ಹೊಂದುವುದೆಂದು ಕಿವಿ ಕಾದಿರುವಾಗ ಕೊನೆಗೆ ಹೊಂದದೆ ಉಳಿಯುವ ಆ ಧ್ವನಿ ಅವನ ವಿಷಯಕ್ಕೆ ತಕ್ಕದ್ದೇ ಆಗಿತ್ತು.

ಸಮೀಪಪ್ರಾಸಕ್ಕೆ ಹೀಗೆ ಗಾಂಭೀರ್ಯ ಲಭಿಸಿದರೂ ಉದ್ದಪದಗಳ ಪೂರ್ಣಪ್ರಾಸಕ್ಕೆ ಅದು ಸುಲಭವಾಗಿ ಲಭಿಸಲಿಲ್ಲ. ಮೂರು ಉಚ್ಚಾರಾಂಶಗಳು ಹೊಂದುವ ಪ್ರಾಸವೆಂದರೆ ಆಂಗ್ಲರು ನಗಲು ಸಿದ್ಧರಾಗುತ್ತಾರೆ. ಇದು ಧ್ವನಿಯ ಸಹಜಗುಣವೇ, ಅಥವಾ ಅಭ್ಯಾಸವೇ? ಇತಿಹಾಸವನ್ನು ನೋಡಿದರೆ ಅಭ್ಯಾಸದ ಪಾಲೇ ಹೆಚ್ಚೆಂದು ತೋರುತ್ತದೆ. ಸ್ಯಾಮ್ಯುಯೆಲ್ ಬಟ್ಲರ್ ೧೬೬೩ರಿಂದ ೧೬೭೮ರವರೆಗೆ ಮೂರು ಭಾಗಗಳಲ್ಲಿ ಪ್ರಕಟಿಸಿದ 'ಹ್ಯೂಡಿಬ್ರಾಸ್' ಎಂಬ ವಿಡಂಬನ ಕಾವ್ಯದಲ್ಲಿ 'ಎಕ್ಲೀಸಿಯಾಸ್ಟಿಕ್' ಎಂಬ ಚರ್ಚಿನ ಘನಪದಕ್ಕೆ 'ಎ ಸ್ಟಿಕ್' ಎಂಬ ಎರಡು ತುಂಡು ಪದಗಳನ್ನು ಪ್ರಾಸವಾಗಿ ಕಟ್ಟಿದನು. ಗುಡಿಯ ಗೋಪುರಕ್ಕೆ ಬಿದಿರುಗಳ ಊರುಗೋಲು ಕೊಟ್ಟಂತೆ. ಬೈರನ್ ೧೮೧೯ರಲ್ಲಿ 'ಡಾನ್ ಜುವಾನ್' ಕಾವ್ಯದ ಮೊದಲ ಸರ್ಗದಲ್ಲಿ 'ಇಂಟಲೆಕ್ಚುಯಲ್' ಎಂಬುದಕ್ಕೆ, ಹೆಂಡಿರ ಕೈಕೆಳಗಿನ ಗಂಡಂದಿರನ್ನು ಕುರಿತ ಮೂರು ಪದಗಳ ಜೋಡಣೆಯನ್ನು ಪ್ರಾಸವಾಗಿಸಿ ಇಡೀ ಇಂಗ್ಲೆಂಡನ್ನು ನಗಿಸಿದನು. ಗಿಲ್ಬರ್ಟನು ೧೮೭೯ರ 'ಪೆನ್‌ಜಾನ್ಸ್ ಕಡಲ್ಗಳ್ಳರು' ಎಂಬ ಸಂಗೀತನಾಟಕದಲ್ಲಿ ತನ್ನ ಸೇನಾಪತಿಯ ಬಾಯಿಂದ ಇಂತಹ ಪ್ರಾಸಗಳ ಮಳೆಯನ್ನೇ ಸುರಿಸಿದನು: ಗಣಿತದ 'ಕ್ಯಾಲ್ಕ್ಯುಲಸ್'ಗೆ ಜೀವಶಾಸ್ತ್ರದ 'ಅನಿಮ್ಯಾಲ್ಕ್ಯುಲಸ್', 'ಹೈಪಾಟಿನ್ಯೂಸ್'ಗೆ 'ಲಾಟ್ ಒ ನ್ಯೂಸ್'. ಪಾಂಡಿತ್ಯದ ಪದವೊಂದು ಬೀದಿಯ ಮಾತಿನ ತುಂಡುಗಳೊಡನೆ ಸರಿಸಮನಾಗಿ ನಿಂತಾಗ ನಗು ಹುಟ್ಟುತ್ತದೆ. ಇನ್ನೂರು ವರ್ಷಗಳಿಗೂ ಮೀರಿದ ಈ ಪರಂಪರೆಯಲ್ಲಿ ಪಳಗಿದ ಕಿವಿ, ಮೂರಂಶದ ಪ್ರಾಸ ಕೇಳಿಬಂದೊಡನೆ ಹಾಸ್ಯವನ್ನೇ ನಿರೀಕ್ಷಿಸುವುದು ಆಶ್ಚರ್ಯವಲ್ಲ.

ಈ ನಿರೀಕ್ಷೆಯನ್ನು ಎದುರಿಸಿ ಗೆದ್ದವನು ಥಾಮಸ್ ಹುಡ್. ಆತನು ಜೀವನೋಪಾಯಕ್ಕೆ ಹಾಸ್ಯವನ್ನೇ ನೆಚ್ಚಿದ್ದವನು. ಶ್ಲೇಷೆಯ ರಾಜನೆಂದು ಹೆಸರಾದವನು. ಕೊನೆಯ ವರ್ಷಗಳಲ್ಲಿ, ಕಾಯಿಲೆಯಿಂದ ನರಳುತ್ತ, ಲಂಡನ್ನಿನ ಬಡಹೆಂಗಸರ ಬಾಳನ್ನು ಕುರಿತು ಬರೆದನು. ೧೮೪೩ರಲ್ಲಿ 'ಪಂಚ್' ಪತ್ರಿಕೆಯಲ್ಲಿ ಬಂದ ಹೊಲಿಗೆಯವಳ ಹಾಡು ಅದರಲ್ಲೊಂದು. ೧೮೪೪ರಲ್ಲಿ, ಸಾಯುವುದಕ್ಕೆ ಒಂದು ವರ್ಷ ಮುಂಚೆ, 'ಬ್ರಿಡ್ಜ್ ಆಫ್ ಸೈಸ್' ಎಂಬ ಕವನವನ್ನು ಪ್ರಕಟಿಸಿದನು. ಸೇತುವೆಯಿಂದ ಹೊಳೆಗೆ ಬಿದ್ದು ಪ್ರಾಣ ಬಿಟ್ಟ ಅನಾಥೆಯೊಬ್ಬಳ ಶವವನ್ನು ಮೇಲೆತ್ತುವ ಸನ್ನಿವೇಶ ಅದು. ಅಲ್ಲಿ ಹುಡ್ ಆರಿಸಿಕೊಂಡದ್ದು ಬಟ್ಲರ್, ಬೈರನ್ನರ ಅದೇ ಆಯುಧ: 'ಅನ್‌ಫಾರ್ಚುನೇಟ್' ಎಂಬುದಕ್ಕೆ 'ಇಂಪಾರ್ಚುನೇಟ್', 'ಟೆಂಡರ್ಲಿ'ಗೆ 'ಸ್ಲೆಂಡರ್ಲಿ', 'ಸ್ಕಾರ್ನ್‌ಫುಲಿ'ಗೆ 'ಮೋರ್ನ್‌ಫುಲಿ'.

ಇದು ನಗೆಗೀಡಾಗದೆ ಉಳಿದದ್ದು ಹೇಗೆ? ಮೊದಲನೆಯದಾಗಿ, ಹುಡ್ ಪದಗಳನ್ನು ತುಂಡರಿಸಿ ಅಂಟಿಸಲಿಲ್ಲ. ಈ ಪ್ರಾಸಗಳೆರಡು ಕಡೆಯೂ ಇಡಿಯ ಪದಗಳು, ಅವೂ ದಿನಬಳಕೆಯವು. ಓದುಗನು ಕವಿಯ ಜಾಣ್ಮೆಯನ್ನು ಮೆಚ್ಚಲು ನಿಲ್ಲಬೇಕಾಗಿಲ್ಲ. ಇನ್ನು, ಪಾದಗಳು ಬಹಳ ಗಿಡ್ಡ. ಒತ್ತು ಬಿದ್ದ ಮೇಲೆ ಎರಡು ಬಲಹೀನ ಅಂಶಗಳು ಜಾರಿಹೋಗುತ್ತವೆ. ಪ್ರತಿ ಪಾದವೂ ಎದ್ದು ನಿಲ್ಲಲಾರದೆ ಕೆಳಗೆ ಸರಿಯುತ್ತದೆ. ಬೈರನ್ನನಲ್ಲಿ ಇದೇ ಜಾರಾಟ ಚೇಷ್ಟೆಯಾಗಿ ಕೇಳಿಸಿತ್ತು. ಎಡ್ಗರ್ ಆಲನ್ ಪೊ ತನ್ನ ಕಾವ್ಯತತ್ತ್ವದ ಉಪನ್ಯಾಸದಲ್ಲಿ ಈ ಕವನವನ್ನು ಎತ್ತಿಕೊಂಡು, ಇದರ ಬಂಧ ವಿಲಕ್ಷಣತೆಯ ಅಂಚಿಗೆ ಹೋಗಿದ್ದರೂ ವಸ್ತುವಿಗೆ ಒಪ್ಪುತ್ತದೆಂದು ಮೆಚ್ಚಿದನು. ಆದರೂ ಪೊ ಕೂಡ ಆ 'ಅಂಚನ್ನು' ಹೆಸರಿಸದೆ ಇರಲಾರದೆ ಹೋದನೆಂಬುದು ಅಂದಿನ ಕಿವಿಗೆ ಸಾಕ್ಷಿಯಾಗಿದೆ.

ಈಗ ಪ್ರಾಸ ಹುಡುಕುವ ಕೆಲಸ ಬಹುಮಟ್ಟಿಗೆ ಯಂತ್ರದ್ದಾಗಿದೆ. ೧೯೩೬ರ ಕ್ಲೆಮೆಂಟ್ ವುಡ್‌ನ ಕೋಶ ಪದಗಳನ್ನು ಕಾಗುಣಿತದಿಂದಲ್ಲ, ಧ್ವನಿಯಿಂದ ವಿಂಗಡಿಸಿ, ಒಂದಂಶದ, ಎರಡಂಶದ, ಮೂರಂಶದ ಪ್ರಾಸಗಳಿಗೆ ಬೇರೆಬೇರೆ ಭಾಗಗಳನ್ನು ಇಟ್ಟಿತ್ತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉಚ್ಚಾರಣಕೋಶದಲ್ಲಿ ೧,೩೦,೦೦೦ಕ್ಕೂ ಮಿಕ್ಕ ಪದಗಳಿದ್ದು, ಪ್ರತಿ ಸ್ವರದ ಪಕ್ಕದಲ್ಲಿ ಮುಖ್ಯ ಒತ್ತಿಗೆ ಒಂದು, ಗೌಣ ಒತ್ತಿಗೆ ಎರಡು, ಒತ್ತಿಲ್ಲದ್ದಕ್ಕೆ ಸೊನ್ನೆ ಎಂದು ಅಂಕೆ ಹಾಕಿದೆ. ಗಣಕಯಂತ್ರವು ಕೊನೆಯ ಮುಖ್ಯ ಒತ್ತಿನಿಂದ ತುದಿಯವರೆಗೆ ಹೋಲಿಸಿ ಕ್ಷಣಾರ್ಧದಲ್ಲಿ ಪಟ್ಟಿಯನ್ನು ಮುಂದಿಡಬಲ್ಲುದು. ಲೆವಿನ್ಸ್ ಮತ್ತು ವಾಕರರ ವರ್ಷಗಟ್ಟಲೆಯ ದುಡಿಮೆಯನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ. ಆದರೆ ಹುಡ್‌ನ ಜೋಡಿಯೂ ಗಿಲ್ಬರ್ಟನ ಜೋಡಿಯೂ ಆ ಲೆಕ್ಕಾಚಾರದಲ್ಲಿ ಒಂದೇ ದರ್ಜೆಯವು.

ಹುಡ್‌ನ ಈ ಕವನ ಕನ್ನಡಕ್ಕೆ ಹೊಸದಲ್ಲ. ಬಿ. ಎಂ. ಶ್ರೀಕಂಠಯ್ಯನವರು ೧೯೨೦ರ ದಶಕದಲ್ಲಿ ಹೊರತಂದ 'ಇಂಗ್ಲಿಷ್ ಗೀತಗಳು' ಸಂಗ್ರಹದ 'ದುಃಖಸೇತು' ಇದರ ರೂಪಾಂತರವೇ. ಅನುವಾದಕರ ಮುಂದಿದ್ದ ಸಮಸ್ಯೆ ಆಂಗ್ಲ ಕವಿಯದಕ್ಕೆ ತೀರ ವಿರುದ್ಧವಾದದ್ದು. ಕನ್ನಡದಲ್ಲಿ ಅರ್ಥವನ್ನೋ ಪ್ರಾಸವನ್ನೋ ನಿರ್ಧರಿಸುವ ಸ್ವರಾಘಾತವಿಲ್ಲ. ಆದ್ದರಿಂದ ಒತ್ತಿನ ಮೇಲೆ ನಿಂತ ಮೂರಂಶದ ಜಾರುಪ್ರಾಸ ಹಾಗೆಯೇ ಇಳಿದುಬರಲಾರದು. ಇತ್ತ, ಮೂರು ಅಕ್ಷರಗಳ ಹೊಂದಿಕೆಗೆ ಕನ್ನಡದಲ್ಲಿ ಬರವಿಲ್ಲ. 'ಬಂದವಳು', 'ನೊಂದವಳು', 'ಬೆಂದವಳು' ಎನ್ನುವಾಗ ಪ್ರತ್ಯಯ ತಾನಾಗಿ ಹೊಂದುತ್ತದೆ. ಎರಡನೆಯ ಅಕ್ಷರವೂ ಹೊಂದಿ, ಹಳೆಯ ಪ್ರಾಸವೂ ಹೊಸ ಪ್ರಾಸವೂ ಒಂದೇ ಪದದಲ್ಲಿ ಕೂಡುತ್ತವೆ. ಇದನ್ನು ಕೇಳಿ ಯಾವ ಕನ್ನಡಿಗನೂ ನಗುವುದಿಲ್ಲ. ಹಳ್ಳಿಯ ಹೆಂಗಸರು ಬೀಸುವಾಗ ಹಾಡುವ ತ್ರಿಪದಿಗಳಲ್ಲಿ ಶೋಕಕ್ಕೆ ಇಂತಹ ಹೊಂದಿಕೆ ಎಂದಿನಿಂದಲೋ ಒಗ್ಗಿದೆ. ಹುಡ್ ಇಂಗ್ಲೆಂಡಿನಲ್ಲಿ ಹೋರಾಡಿ ಗಳಿಸಬೇಕಾಗಿದ್ದ ಗಾಂಭೀರ್ಯ ಕನ್ನಡ ಅನುವಾದಕರಿಗೆ ಭಾಷೆಯಿಂದಲೇ ಬಂದಿತ್ತು. ಅವರು ಹೋರಾಡಿ ಗಳಿಸಬೇಕಾಗಿದ್ದುದು ಹುಡ್‌ನ ಪಾದಗಳ ಆ ಮುರಿದು ಬೀಳುವ ನಡೆ, ಅದನ್ನು ಪ್ರಾಸದಿಂದಲ್ಲ, ಮಾತ್ರಾಗಣಗಳ ಕಟ್ಟ್ಟಿನಿಂದಲೇ ಗಳಿಸಬೇಕಾಗಿತ್ತು.